ಹಿರಾನೊ-ಸಾನ್ ಬಿದ್ದದ್ದೆಲ್ಲಿ?

ಹೋದ ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆರೆದಿಟ್ಟು ದೋಸೆ ಹುಯ್ಯುತ್ತಿದ್ದೆ. ಒಳಗಿನ ಹೊಗೆ ಹೊರಗೆ ಹೋಗಲಿ ಅಂತ ತೆರೆದ ಕಿಟಕಿಯಿಂದ ಹೊರಗಿನ ವಾಸನೆಯೇ ಒಳಗೆ ಬಂತು. ಮೈಕೈ ನೋವಿಗೆ ಅಂಟಿಸಿಕೊಳ್ಳುವ ಪಟ್ಟಿಯ ವಾಸನೆ. ಇಲ್ಲಿ ಅದಕ್ಕೆ ಶಿಪ್ಪು ಅನ್ನುತ್ತಾರೆ. ಬಗ್ಗಿ ನೋಡಿದರೆ ನಾಲ್ಕು ವರ್ಷದಿಂದ ಮುಚ್ಚಿದ್ದ ಪಕ್ಕದ ಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ಯಾರೋ ಒಬ್ಬರು ನನಗೆ ಬೆನ್ನು ಹಾಕಿ ನಿಂತು ಹಳೆಯ ಕಪಾಟುಗಳನ್ನು ಖಾಲಿ ಮಾಡುತ್ತಿದ್ದರು. ನೋಡುತ್ತ ನಿಂತವಳಿಗೆ ಕಾವಲಿಯ ಮೇಲಿದ್ದ ದೋಸೆ ಮರೆತೇಹೋಯಿತು. ಸೀದದ್ದನ್ನು ನಾನೇ ತಿಂದೆ, ಬಿಡಿ.

ಆ ಮನೆ ಹಿರಾನೊ-ಸಾನ್ ಅವರದು. ಅವರ ವಿಷಯ ಹೇಳಬೇಕಾದರೆ ನಾನು ಮಾಡಿದ ಒಂದು ಘನಂದಾರಿ ಕೆಲಸವನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ನಾವು ಮೈಸೂರಿನಿಂದ ಜಪಾನಿನ ಕಾವಾಸಾಕಿಗೆ ಬಂದದ್ದು ಕೊರೊನಾ ಬಂದ ವರ್ಷ. ಎಂಥ ಮುಹೂರ್ತ ನೋಡಿ, ಪೆಟ್ಟಿಗೆಗಳನ್ನು ಬಿಚ್ಚುವ ಮೊದಲೇ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ನಮ್ಮವರು ಕಂಪನಿಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತರು. ಮಗಳು ಸಿರಿಗೆ ಆಗ ಎಂಟು ವರ್ಷ. ಶಾಲೆ ತೆರೆದಾಗಲೆಲ್ಲ ಹೋಗಿ ಹೋಗಿ ಒಂದು ವರ್ಷದೊಳಗೆ ನೀರು ಕುಡಿದಷ್ಟು ಸಲೀಸಾಗಿ ಜಪಾನಿ ಮಾತಾಡತೊಡಗಿದಳು. ನಾನು ಮಾತ್ರ ಸುಮಿಮಾಸೆನ್ ಒಂದರಲ್ಲೇ ಸಂಸಾರ ಸಾಗಿಸುತ್ತಿದ್ದೆ. ತಪ್ಪಾಯಿತು ಅನ್ನುವುದಕ್ಕೂ ಅದೇ, ದಾರಿ ಬಿಡಿ ಅನ್ನುವುದಕ್ಕೂ ಅದೇ, ಕೊಂಬಿನಿ ಅಂಗಡಿಯ ಹುಡುಗಿಯನ್ನು ಕರೆಯುವುದಕ್ಕೂ ಅದೇ.

ಹೊಸ ಊರಿಗೆ ಹೋದವರು ಹೊಸ ಮುಖಗಳನ್ನು ನೋಡುತ್ತಾರೆ. ನಾನು ನೋಡಿದ್ದು ಬರೀ ಕಣ್ಣುಗಳನ್ನು. ಗಲ್ಲಿಯ ಹನ್ನೊಂದು ಮನೆಗಳವರನ್ನೂ ಮಾಸ್ಕಿನ ಮೇಲಿನ ಅರ್ಧದಿಂದಲೇ ಗುರುತು ಹಿಡಿಯುತ್ತಿದ್ದೆ, ಕೆಳಗಿನ ಅರ್ಧಕ್ಕೆ ಮೂಗು ಬಾಯಿಗಳನ್ನು ನನಗೆ ಬೇಕಾದ ಹಾಗೆ ಅಂಟಿಸಿಕೊಳ್ಳುತ್ತಿದ್ದೆ. ಹಿರಾನೊ-ಸಾನ್ ಎಂಬತ್ತು ದಾಟಿದವರು, ಎಡಗಾಲನ್ನು ಸ್ವಲ್ಪ ಎಳೆದು ನಡೆಯುವವರು. ನಾವು ಬರುವ ಹಿಂದಿನ ಚಳಿಗಾಲದಲ್ಲೇ ಹೆಂಡತಿಯನ್ನು ಕಳೆದುಕೊಂಡಿದ್ದರು. ಮಗ ದೂರದ ಊರಿನಲ್ಲಿ. ಅವರಿಗೆ ನಾನು ನಮ್ಮ ಮೈಸೂರಿನ ಎದುರುಮನೆ ಮೇಷ್ಟ್ರ ಮೂಗು ಬಾಯಿ ಕೊಟ್ಟಿದ್ದೆ. ಸರಿಯಾಗಿ ಹೊಂದಿಕೊಂಡಿತ್ತು.

ಈಗ ಕೈರಾನ್‌ಬಾನ್ ಅಂದರೇನು ಅಂತ ಹೇಳಿಬಿಡುತ್ತೇನೆ. ಒಂದು ರಟ್ಟಿನ ಹಲಗೆ. ಅದಕ್ಕೆ ಗಲ್ಲಿಯ ಸಂಘದ ಸುತ್ತೋಲೆಗಳನ್ನು ಸಿಕ್ಕಿಸಿ, ಒಂದು ಬಟ್ಟೆಚೀಲಕ್ಕೆ ಹಾಕಿ, ಮನೆಯಿಂದ ಮನೆಗೆ ದಾಟಿಸುತ್ತಾರೆ. ಓದಬೇಕು, ಮನೆಯ ಹೆಸರಿನ ಮುಂದೆ ಮುದ್ರೆ ಒತ್ತಬೇಕು, ಮುಂದಿನ ಮನೆಯ ಬಾಗಿಲಿಗೆ ತೂಗುಹಾಕಬೇಕು. ಕಸದ ದಿನ ಬದಲಾಗಿದೆ, ಭೂಕಂಪದ ಕವಾಯತು ಈ ವರ್ಷ ಇಲ್ಲ, ಇಂಥವೇ ಸಮಾಚಾರ. ಓದುವ ಭಾಗ್ಯ ನನಗಿಲ್ಲ, ಎಲ್ಲ ಚೀನೀ ಅಕ್ಷರ. ಮೇಲಾಗಿ ಹತ್ತು ಮನೆಯವರ ಕೈ ಮುಟ್ಟಿದ ಚೀಲ. ಕಾಲವೋ ಕೊರೊನಾ ಕಾಲ. ಎರಡು ಬೆರಳಲ್ಲಿ ಹಾವಿನ ಬಾಲ ಹಿಡಿದ ಹಾಗೆ ಹಿಡಿದು ತಂದು, ನಮ್ಮವರ ಮುದ್ರೆಯನ್ನು ಪಟ್ಟೆಂದು ಒತ್ತಿ, ಐದು ನಿಮಿಷದೊಳಗೆ ಮುಂದಿನ ಮನೆಗೆ ಸಾಗಹಾಕಿ, ಮೊಣಕೈವರೆಗೆ ಸ್ಯಾನಿಟೈಸರ್ ಸುರಿದುಕೊಳ್ಳುತ್ತಿದ್ದೆ. ಇಡೀ ಗಲ್ಲಿಯಲ್ಲಿ ಇಷ್ಟು ಚುರುಕಿನ ಮನೆ ಇನ್ನೊಂದಿಲ್ಲ ಅಂತ ನನಗೆ ಒಳಗೊಳಗೇ ಹೆಮ್ಮೆ ಬೇರೆ.

ಎರಡನೆಯ ವರ್ಷದ ಫೆಬ್ರವರಿ. ಇದ್ದಕ್ಕಿದ್ದಂತೆ ಹಿರಾನೊ-ಸಾನ್ ನನ್ನನ್ನು ಕಂಡಾಗ ಮೊದಲಿಗಿಂತ ಹೆಚ್ಚು ಬಗ್ಗಿ ನಮಸ್ಕರಿಸತೊಡಗಿದರು. ಕಸ ಹಾಕುವ ಕಡೆ ಸಿಕ್ಕರೆ, ಅವಸರವೇನಿಲ್ಲ, ನಿಧಾನವಾಗಿಯೇ ಆಗಲಿ ಅನ್ನುವರು. ಏನು ನಿಧಾನ? ಕಸದ ಮೇಲೆ ಕಾಗೆ ಕೂರದಂತೆ ಹೊದಿಸುವ ಬಲೆಯನ್ನು ತೊಳೆಯುವ ಸರದಿ ನಮ್ಮದಿತ್ತು, ಅದಕ್ಕೇ ಹೇಳುತ್ತಿದ್ದಾರೆ ಅಂದುಕೊಂಡು ಮರುದಿನವೇ ತೊಳೆದು ಹಾಕಿದೆ. ಮತ್ತೂ ಅದೇ ಮಾತು. ಇನ್ನೊಮ್ಮೆ ತೊಳೆದೆ. ಮೂರನೆಯ ಸಲ ಅವರು ಹಾಗೆಂದಾಗ ನನಗೆ ಸಿಟ್ಟೇ ಬಂತು. ಇನ್ನೇನು ಬಲೆಗೆ ಸೀಗೇಕಾಯಿ ಹಾಕಿ ತಿಕ್ಕಲೇ? ನಮ್ಮವರನ್ನು ಕೇಳಿದರೆ, ಮೀಟಿಂಗ್‌ನಲ್ಲಿದೀನಿ ಅಂದರು. ಆ ಎರಡು ವರ್ಷ ಅವರು ಯಾವಾಗಲೂ ಮೀಟಿಂಗ್‌ನಲ್ಲೇ ಇದ್ದರು.

ಅದಾಗಿ ಎರಡು ವಾರಕ್ಕೆ ಗಲ್ಲಿಯ ಸಂಘದ ಮುಖ್ಯಸ್ಥೆ ಕುಬೊ-ಸಾನ್ ನನ್ನನ್ನು ದಾರಿಯಲ್ಲಿ ತಡೆದು ಏನೋ ಕೇಳಿದರು. ಬಿದ್ದರು ಅನ್ನುವುದೊಂದು ಅರ್ಥವಾಯಿತು, ಹಿರಾನೊ-ಸಾನ್ ಅನ್ನುವುದೊಂದು ಅರ್ಥವಾಯಿತು. ಅಯ್ಯೋ, ಮುದುಕರು ಬಿದ್ದರೇ? ಎಲ್ಲಿ, ಯಾವಾಗ, ಆಂಬುಲೆನ್ಸ್ ಬಂತೇ ಅಂತ ಕೈಯಲ್ಲೇ ಕೇಳುತ್ತಿದ್ದೆ. ಅವರು ಒಮ್ಮೆ ಸೇತುವೆಯ ಹಾಗೆ, ಒಮ್ಮೆ ಮನೆಯ ಮಾಡಿನ ಹಾಗೆ ಕೈ ಮಾಡಿ, ನೀವು ಯಾವುದನ್ನು ಆರಿಸಿದಿರಿ ಅಂತ ಕೇಳುತ್ತಿರುವ ಹಾಗಿತ್ತು. ಬೀಳುವುದನ್ನು ಆರಿಸುವುದುಂಟೇ? ಪಕ್ಕದಲ್ಲಿದ್ದ ಸಿರಿ ಮಧ್ಯೆ ಬಾಯಿ ಹಾಕಿದಳು.

“ಅಮ್ಮಾ, ನಿಜವಾಗ್ಲೂ ಅಲ್ಲ, ಮೂವೀಲಿ. ಕೈರಾನ್‌ಬಾನ್ ಬ್ಯಾಗಲ್ಲಿ ಒಂದು ಡಿವಿಡಿ ಇತ್ತಂತೆ. ಎಲ್ಲಾರೂ ನೋಡ್ಬಿಟ್ಟು ಬರೀತಿದಾರಂತೆ. ನಮ್ ಮನೇದು ಸ್ಟಾಂಪ್ ಮಾತ್ರ ಇದೆ, ಆನ್ಸರ್ ಇಲ್ಲ ಅಂತಿದಾರೆ.”

ಆಮೇಲೆ ಸ್ವಲ್ಪ ಸ್ವಲ್ಪವಾಗಿ ತಲೆಬುಡ ಸಿಕ್ಕಿತು. ಹಿರಾನೊ-ಸಾನ್ ಮನೆಯಾದ ಮೇಲೆ ಚೀಲ ಬರುವುದು ನಮ್ಮ ಮನೆಗೆ. ಅವರು ಅದರೊಳಗೆ ಒಂದು ಸಿನಿಮಾದ ಡಿವಿಡಿಯನ್ನೂ, ಈ ಚಿತ್ರದಲ್ಲಿ ನಾನಿದ್ದೇನೆಯೇ, ಇದ್ದರೆ ಎಲ್ಲಿ ಬೀಳುತ್ತೇನೆ, ದಯವಿಟ್ಟು ನೋಡಿ ಹೇಳಿ ಅಂತ ನನಗಾಗಿಯೇ ಮಕ್ಕಳು ಮೊದಲು ಕಲಿಯುವ ಸುಲಭದ ಅಕ್ಷರದಲ್ಲಿ ಬರೆದ ಚೀಟಿಯನ್ನೂ ಇಟ್ಟಿದ್ದರು. ನಾನು ನೋಡದೆ ಮುದ್ರೆ ಒತ್ತಿ ಮುಂದಕ್ಕೆ ತೂಗುಹಾಕಿದೆ. ಮುಂದಿನ ಮನೆಯವರು ನಮ್ಮ ಮುದ್ರೆ ನೋಡಿದರು. ಓಹೋ, ಇದು ಈ ತಿಂಗಳ ಸುತ್ತೋಲೆ, ಸಿನಿಮಾ ನೋಡಬೇಕು, ಉತ್ತರ ಬರೆಯಬೇಕು ಅಂತ ತಿಳಿದು ಶ್ರದ್ಧೆಯಿಂದ ನೋಡಿದರು, ಬರೆದರು, ಮುದ್ರೆ ಒತ್ತಿದರು. ಅವರ ಮುಂದಿನವರೂ ಹಾಗೆಯೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಒಬ್ಬರಾದರೂ, ಇದೇನಿದು ಅಂತ ಕೇಳಬಾರದೇ? ಇಲ್ಲ. ಸಂಘದ ಚೀಲದಲ್ಲಿ ಬಂದ ಮೇಲೆ ಮುಗಿಯಿತು.

ತಪ್ಪೊಪ್ಪಿಕೊಳ್ಳಲು ಸಿರಿಯನ್ನು ಕರೆದುಕೊಂಡು ಹೋದೆ. ಹಿರಾನೊ-ಸಾನ್ ಹೊಸ್ತಿಲೊಳಗೆ, ನಾವು ಗೇಟಿನ ಹತ್ತಿರ. ಇಡೀ ಗಲ್ಲಿಗೆ ಹೋಗಿದೆ ಎಂದು ಸಿರಿ ಹೇಳಿದಾಗ ಅವರು ಕಣ್ಣು ಮುಚ್ಚಿಕೊಂಡರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಅವರು ಮೆಟ್ಟಿಲ ಮೇಲೆ ಕೂತು, ಸಿರಿಗೆ ತಿಳಿಯುವಷ್ಟು ಸುಲಭದ ಮಾತಿನಲ್ಲಿ ಹೇಳಿದ್ದಿಷ್ಟು.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರು ಸಿನಿಮಾಗಳಲ್ಲಿ ಬೀಳುವ ಕೆಲಸ ಮಾಡುತ್ತಿದ್ದರು. ಹೊಡೆದಾಟದಲ್ಲಿ ನಾಯಕ ಮೇಲಿಂದ ಬೀಳಬೇಕಾದರೆ ನಾಯಕನ ಬಟ್ಟೆ ತೊಟ್ಟು ಇವರು ಬೀಳುವುದು. ಈ ಚಿತ್ರ ಒಬ್ಬ ಹಸಿದ ತುಂಟ ಹುಡುಗನದು. ಊರೂರು ಅಲೆಯುತ್ತ ಪುಂಡರ ಗುಂಪನ್ನು ಸೌಟು, ಒಣಮೀನು, ಕೊಡೆ, ಕೈಗೆ ಸಿಕ್ಕಿದ್ದರಲ್ಲಿ ಬಡಿಯುವವನು. ಅದರಲ್ಲಿ ಒಂದು ಸಲ ಬಿದ್ದಾಗ ಇವರ ಸೊಂಟ ಮುರಿಯಿತು. ಮದುವೆಯಾಗಿ ಆರು ತಿಂಗಳಾಗಿತ್ತಷ್ಟೆ. ಆರು ತಿಂಗಳು ಹಾಸಿಗೆಯಲ್ಲಿದ್ದರೂ ಎದ್ದ ಮೇಲೆ ಮತ್ತೆ ಬೀಳುವುದಕ್ಕೇ ಹೋಗುತ್ತೇನೆ ಅನ್ನುವ ಹಟ. ಚಿತ್ರ ಬಂದಾಗ ಹೆಂಡತಿ ಕಾಜುಎ ಒಬ್ಬರೇ ಹೋಗಿ ನೋಡಿಕೊಂಡು ಬಂದು, ನಿಮ್ಮದನ್ನು ಕತ್ತರಿಸಿ ಹಾಕಿದ್ದಾರೆ, ನೀವು ಎಲ್ಲೂ ಇಲ್ಲ ಅಂದರಂತೆ. ಸೊಂಟ ಮುರಿದುಕೊಂಡದ್ದೂ ದಂಡವಾಯಿತೇ ಅಂತ ಇವರಿಗೆ ಎಷ್ಟು ಅವಮಾನವಾಯಿತೆಂದರೆ ಆ ಚಿತ್ರವನ್ನು ನೋಡಲೂ ಇಲ್ಲ, ಸಿನಿಮಾದ ಕಡೆ ತಲೆ ಹಾಕಲೂ ಇಲ್ಲ. ಇಲ್ಲಿಗೆ ಬಂದು ಕಾರ್ಖಾನೆ ಸೇರಿದರು.

ಹೆಂಡತಿ ಹೋದ ಮೇಲೆ ಅವರ ಹೊಲಿಗೆ ಪೆಟ್ಟಿಗೆಯಲ್ಲಿ ಈ ಡಿವಿಡಿ ಸಿಕ್ಕಿತು. ಯಾವಾಗಲೋ ಟೀವಿಯಿಂದ ರೆಕಾರ್ಡ್ ಮಾಡಿಕೊಂಡದ್ದು, ಮೇಲೆ ಅವರದೇ ಕೈಬರಹ. ಗಂಡ ಇಲ್ಲದ ಸಿನಿಮಾವನ್ನು ಹೆಂಡತಿ ಯಾಕೆ ಮುಚ್ಚಿಟ್ಟುಕೊಂಡಿದ್ದಳು? ನೋಡೋಣವೆಂದರೆ ಇವರ ಕಣ್ಣಿನ ನಡುಭಾಗ ಹೋಗಿದೆ, ಯಾವುದನ್ನು ನೋಡಬೇಕೋ ಅದರ ಮೇಲೇ ಕಪ್ಪು, ಸುತ್ತಲಿನದು ಮಾತ್ರ ಕಾಣುತ್ತದೆ. ಮಗನನ್ನು ಕೇಳಿದರೆ, ಅಪ್ಪನ ಹಳೆಯ ಜಂಬ ಅಂತ ನಗುತ್ತಾನೆ. ಗಲ್ಲಿಯವರೆಲ್ಲ ಕಾಜುಎಯನ್ನು ಬಲ್ಲವರು, ಅವರ ಮುಂದೆ ಹೆಂಡತಿಯ ಮಾತನ್ನು ಪರೀಕ್ಷೆಗೆ ಹಚ್ಚುವುದು ಹೇಗೆ? ಅದಕ್ಕೇ ಅವಳನ್ನು ಕಾಣದ ನನ್ನನ್ನು ಆರಿಸಿಕೊಂಡಿದ್ದರು. ನಾನು ಅದನ್ನು ಮನೆಮನೆಗೂ ಹಂಚಿ ಬಂದಿದ್ದೆ.

“ಅಮ್ಮಾ, ತಾತ ಮಂತ್ ಎಂಡ್‌ಗೆ ಮುದುಕರ ಹೋಮ್‌ಗೆ ಹೋಗ್ತಾರಂತೆ,” ಅಂದಳು ಸಿರಿ. “ಅಲ್ಲಿ ಯಾರೂ ಹೋಗಿ ಮೀಟ್ ಮಾಡಂಗಿಲ್ವಂತೆ. ಅದಕ್ ಮುಂಚೆ ಅವರ ವೈಫ್ ನಿಜ ಹೇಳಿದ್ರಾ ಸುಳ್ಳು ಹೇಳಿದ್ರಾ ಅಂತ ಗೊತ್ತಾಗ್ಬೇಕಂತೆ.”

ತಿಂಗಳ ಕೊನೆಗೆ ಐದೇ ದಿನ ಉಳಿದಿತ್ತು. ಚೀಲ ಕುಬೊ-ಸಾನ್ ಮನೆಯಲ್ಲಿತ್ತು, ಅವರಿನ್ನೂ ನೋಡಿ ಮುಗಿಸಿರಲಿಲ್ಲ.

ಎರಡು ದಿನದ ಮೇಲೆ ಕುಬೊ-ಸಾನ್ ಚೀಲವನ್ನು ನಮ್ಮ ಬಾಗಿಲಿಗೇ ತಂದರು. ಚೀಟಿಯ ತುಂಬ ಉತ್ತರಗಳು. ಒಬ್ಬರು ಸೇತುವೆ ಅಂದಿದ್ದರು. ಒಬ್ಬರು ಮಾಡು, ಇಬ್ಬರು ಬಾವಿಕಟ್ಟೆ. ಒಬ್ಬ ಪುಣ್ಯಾತ್ಮರು, ಮೀನಿನ ಬುಟ್ಟಿಯೊಳಗೆ ತಲೆಕೆಳಗಾಗಿ ಬಿದ್ದವರೇ ಇರಬೇಕು, ಕಿವಿ ನೋಡಿ ಅಂತ ಬರೆದಿದ್ದರು. ಆ ಕಾಲದಲ್ಲಿ ಕಿವಿಗಳಷ್ಟೇ ಅಲ್ಲವೇ ಎಲ್ಲರಿಗೂ ಪರಿಚಯ. ಕೊನೆಯಲ್ಲಿ ಕುಬೊ-ಸಾನ್ ಉತ್ತರ, ಎಲ್ಲೂ ಇಲ್ಲ, ಇಲ್ಲವೆಂದು ಕಾಜುಎ-ಸಾನ್ ನನಗೂ ಹೇಳಿದ್ದರು. ಅದರ ಕೆಳಗೆ ಮುದ್ರೆ ಬಲು ಗಟ್ಟಿಯಾಗಿ ಬಿದ್ದಿತ್ತು.

ನಾನೂ ಸಿರಿಯೂ ಮಧ್ಯಾಹ್ನ ಸಿನಿಮಾ ಹಾಕಿಕೊಂಡು ಕೂತೆವು. ಕಪ್ಪುಬಿಳುಪಿನ ಚಿತ್ರ. ಯಾರು ಯಾಕೆ ಯಾರನ್ನು ಹೊಡೆಯುತ್ತಾರೆ ಅನ್ನುವುದು ನನಗೆ ದೇವರಾಣೆಗೂ ತಿಳಿಯಲಿಲ್ಲ. ಕೇಳಿದರೆ ಸಿರಿ ಹೊಟ್ಟೆ ಹಿಡಿದುಕೊಂಡು ನಗುತ್ತ, ಆಮೇಲೆ ಹೇಳ್ತೀನಿ ಇರು ಅನ್ನುವಳು. ಆ ತುಂಟ ಅರ್ಧ ಗಂಟೆಯೊಳಗೆ ಐದು ಸಲ ಬಿದ್ದ. ಬಿದ್ದಾಗಲೆಲ್ಲ ಬೆನ್ನು, ಎದ್ದಾಗ ನಗುವ ಮುಖ. ಬೆನ್ನು ಯಾರದು, ಮುಖ ಯಾರದು, ಹೇಗೆ ಹೇಳುವುದು? ಮಧ್ಯೆ ಹಳ್ಳಿಯ ಹಿರಿಯರು ಕೂತು ಮಾತಾಡುವ ಉದ್ದದ ದೃಶ್ಯ ಬಂತು. ನನಗೆ ತಾಳ್ಮೆ ತಪ್ಪಿ ರಿಮೋಟಿನಲ್ಲಿ ಮುಂದಕ್ಕೆ ಹಾರುವ ಗುಂಡಿ ಒತ್ತಿದೆ. ನೇರವಾಗಿ ಒಂದು ಮಾಡಿನ ಮೇಲೆ ಹೋಗಿ ನಿಂತಿತು. ಪುಂಡರು ಏಣಿ ಹತ್ತಿ ಬರುತ್ತಿದ್ದಾರೆ. ಹುಡುಗ ಮಾಡಿನ ಅಂಚಿನಲ್ಲಿ ಬೆನ್ನು ಹಾಕಿ ನಿಂತಿದ್ದಾನೆ. ಕಾಲಿಡಲು ಜಾಗ ನೋಡಿಕೊಳ್ಳಲೆಂದು ಒಂದು ಕ್ಷಣ ತಲೆ ತಿರುಗಿಸುತ್ತಾನೆ, ಆಮೇಲೆ ಬೀಳುತ್ತಾನೆ. ಆ ಒಂದು ಕ್ಷಣದ ಅರ್ಧ ಮುಖ ನಗುವ ನಾಯಕನದಲ್ಲ.

ಮತ್ತೆ ಮೊದಲಿನಿಂದ ಹಾಕಿ ಗುಂಡಿ ಒತ್ತಿದೆ. ಮತ್ತೆ ಅದೇ ಮಾಡು. ಇನ್ನೊಮ್ಮೆ ಒತ್ತಿದರೆ ಸಿನಿಮಾ ಮುಗಿದೇಹೋಯಿತು. ಇಡೀ ಚಿತ್ರಕ್ಕೆ ಇದ್ದದ್ದು ಅದೊಂದೇ ಗುರುತು. ಇಲ್ಲಿಯ ರೆಕಾರ್ಡರುಗಳಲ್ಲಿ ನಮಗೆ ಬೇಕಾದ ಕಡೆ ಗುರುತು ಹಾಕಿಕೊಳ್ಳಬಹುದಂತೆ, ಗುಂಡಿ ಒತ್ತಿದರೆ ಸೀದಾ ಅಲ್ಲಿಗೇ. ಕಾಜುಎ-ಸಾನ್ ಹಾಕಿಟ್ಟುಕೊಂಡಿದ್ದಾರೆ ಅಂತ ನಾನು ಕುಣಿದಾಡಿಬಿಟ್ಟೆ. ನಮ್ಮವರು ಮೀಟಿಂಗಿನಿಂದ ಎದ್ದುಬಂದು ನೋಡಿ, “ಅದು ಮೆಷೀನು ತಾನೇ ಹಾಕ್ಕೊಂಡಿರ್ಬೋದು ಕಣೇ. ಟೀವೀಲಿ ಜಾಹೀರಾತು ಬಂದ ಕಡೆ ಹಂಗೆ ಬೀಳುತ್ತೆ,” ಅಂದರು. ಇಂಜಿನಿಯರನ್ನು ಕಟ್ಟಿಕೊಂಡ ಫಲ.

ಅಲ್ಲಿಂದ ಎರಡು ದಿನ ನಾನು ಕಕ್ಕಾಬಿಕ್ಕಿಯಾಗಿ ಓಡಾಡಿದೆ. ಅರ್ಧ ಮುಖದ ಹುಡುಗ ಅವರೇನಾ? ನನಗೆ ಅವರ ಮುಖವೇ ಗೊತ್ತಿಲ್ಲ, ನಾನು ಬಲ್ಲದ್ದು ಮೈಸೂರಿನ ಮೇಷ್ಟ್ರ ಮೂಗನ್ನು. ಇದ್ದೀರಿ ಅಂದರೆ, ಅರವತ್ತು ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿ ಸುಳ್ಳುಗಾತಿ. ಇಲ್ಲ ಅಂದರೆ, ಮುರಿದ ಸೊಂಟ ದಂಡ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಹಾಗೆ. ನಮ್ಮ ಕಡೆ ಹಿರಿಯರು ಕೇಳಿದರೆ ಅವರಿಗೆ ಹಿತವಾದದ್ದನ್ನು ಹೇಳಿಬಿಡುವುದು ವಾಡಿಕೆ. ಇಲ್ಲಿ ಹಿತವಾದದ್ದು ಯಾವುದು ಅನ್ನುವುದೇ ತಿಳಿಯದು. ಒಲೆಯ ಮೇಲೆ ಹಾಲಿಟ್ಟು ಮೂರು ಸಲ ಉಕ್ಕಿಸಿದೆ.

ಕೊನೆಯ ದಿನ ಬೆಳಿಗ್ಗೆ ಹೋದೆವು. ಕಾರು ಬರಲು ಅರ್ಧ ಗಂಟೆಯಿತ್ತು. ಹಿರಾನೊ-ಸಾನ್ ಕೋಟು ಹಾಕಿಕೊಂಡು, ಒಂದು ಚಿಕ್ಕ ಪೆಟ್ಟಿಗೆಯ ಪಕ್ಕ ಕೂತಿದ್ದರು. ಕಂಡದ್ದನ್ನು ಕಂಡ ಹಾಗೆ ಹೇಳಿಬಿಡುವುದೆಂದು ತೀರ್ಮಾನಿಸಿದ್ದೆ. ಮಾಡಿನ ಮೇಲೆ ನಿಂತಿರುವ ಒಬ್ಬ ಹುಡುಗ, ಒಂದೇ ಒಂದು ಗುರುತು, ನಮ್ಮವರ ಅನುಮಾನ, ಎಲ್ಲವನ್ನೂ ಸಿರಿ ಒಂದೂ ಬಿಡದೆ ಒಪ್ಪಿಸಿದಳು. ಅವರು, ಗುರುತು ಇರುವುದು ಬಿದ್ದ ಮೇಲೋ, ಬೀಳುವಾಗಲೋ ಅಂತ ಕೇಳಿದರು. ಬೀಳುವ ಮೊದಲು, ಅಂದಳು ಸಿರಿ. ನಿಂತಿದ್ದಾನೆ.

ಹಿರಾನೊ-ಸಾನ್ ಕೈಯೆತ್ತಿ ಮಾಸ್ಕ್ ತೆಗೆದರು. ಹಾಗೆ ತೆಗೆದದ್ದಕ್ಕೆ ನಮಗೆ ಎಷ್ಟು ಗಾಬರಿಯಾಯಿತೆಂದರೆ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದೆವು. ಅವರು ಪಕ್ಕಕ್ಕೆ ತಿರುಗಿ, ಅರ್ಧ ಮುಖ ನಮ್ಮ ಕಡೆಗೆ ಮಾಡಿ ಕೂತರು. ಬಿಸಿಲು ಕಾಣದೆ ಬಿಳಿಚಿದ ಕೆನ್ನೆ, ಒಳಸೇರಿದ ಬಾಯಿ, ಸುಕ್ಕು. ಮೇಷ್ಟ್ರ ಮೂಗು ಅಲ್ಲವೇ ಅಲ್ಲ. ನಾನು ಕಣ್ಣು ಕಿರಿದು ಮಾಡಿ ನೋಡಿದೆ, ದೊಡ್ಡದು ಮಾಡಿ ನೋಡಿದೆ. ದೇವರೇ, ನನಗೆ ಗೊತ್ತಾಗಲಿಲ್ಲ. ಅರವತ್ತು ವರ್ಷವನ್ನು ಒಂದು ಮುಖದಿಂದ ಕಳೆಯುವುದು ಯಾರಿಗೆ ಬರುತ್ತದೆ?

“ಈ ಮುಖವೇನಮ್ಮಾ?” ಅಂದರು ಅವರು. ಅಷ್ಟು ಜಪಾನಿ ನನಗೂ ತಿಳಿಯಿತು.

“ಹೌದು,” ಅಂದೆ. “ಇದೇ ಮುಖ.”

ಸಿರಿ ನನ್ನನ್ನು ತಲೆಯೆತ್ತಿ ನೋಡಿದಳು. ಹಿರಾನೊ-ಸಾನ್ ಮೊದಲು ಸುಮ್ಮನೆ ತಲೆದೂಗಿದರು, ಆಮೇಲೆ ಅವರ ಹೆಗಲು ಅಲುಗತೊಡಗಿತು. ನಗುತ್ತಿದ್ದರೋ ಅಳುತ್ತಿದ್ದರೋ, ಮುಖ ಪೂರ್ತಿ ಕಾಣುತ್ತಿದ್ದರೂ ನನಗೆ ತಿಳಿಯಲಿಲ್ಲ. ಅವಳು ಇದ್ದೀರಿ ಅಂದಿದ್ದರೆ ನಾನು ಮತ್ತೆ ಬೀಳಲು ಹೋಗುತ್ತಿದ್ದೆ, ಮೂವತ್ತು ತುಂಬುವ ಮೊದಲೇ ಸತ್ತಿರುತ್ತಿದ್ದೆ, ಅಂದರು. ಅರವತ್ತು ವರ್ಷ ಆ ಹುಡುಗನನ್ನು ಒಬ್ಬಳೇ ನೋಡಿಕೊಂಡಳು ನೋಡಿ, ಅಂದರು. ಡಿವಿಡಿಯನ್ನು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅಲ್ಲಿ ಅದನ್ನು ಹಾಕುವ ಮೆಷೀನಿಲ್ಲ, ಇಲ್ಲಿ ನೋಡುವ ಕಣ್ಣಿಲ್ಲ, ನಿಮ್ಮಲ್ಲೇ ಇರಲಿ. ಕಾರು ಬಂತು.

ಮುಂದಿನ ಚಳಿಗಾಲದಲ್ಲಿ ಕೈರಾನ್‌ಬಾನ್‌ನಲ್ಲಿ ಕಪ್ಪು ಅಂಚಿನ ಒಂದು ಸಾವಿನ ಸುದ್ದಿಯ ಕಾಗದ ಬಂತು. ಆ ಹೊತ್ತಿಗೆ ನಾನು ಚೀಲವನ್ನು ಬಿಚ್ಚಿ ಒಂದೊಂದು ಕಾಗದವನ್ನೂ ಸಿರಿಯಿಂದ ಓದಿಸಿಕೊಳ್ಳುವವಳಾಗಿದ್ದೆ. ಅವಳು ಹಿರಾನೊ-ಸಾನ್ ಹೆಸರನ್ನು ಓದಿ ನಿಲ್ಲಿಸಿದಾಗ ನಾನು ಅತ್ತೆ. ನಾನು ಹೇಳಿದ್ದು ನಿಜವೇ ಆಗಿರಬಹುದು, ಆದರೆ ನನಗೆ ಗೊತ್ತಿಲ್ಲದೆ ಹೇಳಿದ್ದೆನಲ್ಲ. ಒಬ್ಬ ಹೆಂಗಸು ಅರವತ್ತು ವರ್ಷ ಕಾಪಾಡಿದ್ದನ್ನು ನಾನು ಊಹೆಯ ಮೇಲೆ ಒಡೆದುಹಾಕಿದ್ದೆ. ಈ ನಾಲ್ಕು ವರ್ಷ ಅದು ನನ್ನನ್ನು ಕಡಿಯುತ್ತಲೇ ಇತ್ತು.

ಭಾನುವಾರ ಸಂಜೆ ಬಾಗಿಲ ಗಂಟೆ ಹೊಡೆಯಿತು. ಬೆಳಿಗ್ಗೆ ಕಪಾಟು ಖಾಲಿ ಮಾಡುತ್ತಿದ್ದವರೇ, ಹಿರಾನೊ-ಸಾನ್ ಅವರ ಮಗ. ಮನೆ ಮಾರುತ್ತಿದ್ದಾರಂತೆ. ಗಲಾಟೆಯಿಂದ ತೊಂದರೆಯಾಗಿರಬೇಕು, ಕ್ಷಮಿಸಿ ಅಂತ ಇಲ್ಲಿಯ ಪದ್ಧತಿಯಂತೆ ಒಂದು ಟವೆಲು ತಂದಿದ್ದರು. ಕೊಟ್ಟು ಹೊರಡುವವರು ಹಿಂದಿರುಗಿ, ಅಲ್ಲಿ ಹೋಮ್‌ನಲ್ಲಿ ಅಪ್ಪ ಎಲ್ಲರಿಗೂ ಹೇಳುತ್ತಿದ್ದರಂತೆ, ಪಕ್ಕದ ಮನೆಯ ಭಾರತದ ಮನೆಯೊಡತಿ ನನ್ನನ್ನು ಹುಡುಕಿಕೊಟ್ಟರು ಅಂತ, ಅದೇನು, ಎಂದು ಕೇಳಿದರು. ಅಪ್ಪ ಸಿನಿಮಾದಲ್ಲಿ ಬಿದ್ದ ಕತೆಯನ್ನು ಚಿಕ್ಕಂದಿನಿಂದ ನಾವು ತಮಾಷೆ ಮಾಡುತ್ತಿದ್ದೆವು ಅಂದರು.

ಒಳಗೆ ಕರೆದು ಕೂರಿಸಿದೆ. ಕಾಫಿ ಕೊಡುವುದನ್ನೂ ಮರೆತು ಸಿನಿಮಾ ಹಾಕಿ ಗುಂಡಿ ಒತ್ತಿದೆ. ಮಾಡಿನ ಮೇಲೆ ಹುಡುಗ ತಲೆ ತಿರುಗಿಸಿದ, ನಿಲ್ಲಿಸಿದೆ. ಮಗ ಎದ್ದು ಟೀವಿಯ ಹತ್ತಿರ ಹೋಗಿ ಬಗ್ಗಿದರು. ಈಗ ಯಾರಿಗೂ ಮಾಸ್ಕಿಲ್ಲ. ಅವರ ಅರ್ಧ ಮುಖ ನನ್ನ ಕಡೆಗಿತ್ತು, ಪರದೆಯ ಮೇಲಿನ ಅರ್ಧ ಮುಖದ ಪಕ್ಕದಲ್ಲೇ. ಹಣೆಯಿಂದ ಗಲ್ಲದವರೆಗೆ ಒಂದೇ ಅಚ್ಚು. ನಾನು ಕುರ್ಚಿ ಎಳೆದುಕೊಂಡು ಕೂತೆ.

ಅವರು ಪರದೆಯಿಂದ ಕಣ್ಣು ತೆಗೆಯದೆ, ಮೆಲ್ಲಗೆ ಕೇಳಿದರು.

“ಇವರೇ ನಮ್ಮಪ್ಪ ಅಂತ ನಿಮಗೆ ಹೇಗೆ ಗೊತ್ತಾಯಿತು?”

“ಈಗ ಗೊತ್ತಾಯಿತು,” ಅಂದೆ.